ಪಾಟಿ ಹಿಡಿಯದವಳ ಹನ್ನೊಂದು ಫೋಟೋ

ನಾನು ಒಮ್ಮೆ ಸರಕಾರಿ ಕಚೇರಿಯಿಂದ ಒಬ್ಬ ಮುದುಕಿಯನ್ನು ಬಿಡಿಸಿಕೊಂಡು ಬಂದಿದ್ದೇನೆ. ಹನ್ನೊಂದು ಫೋಟೋ, ಎರಡು ತುಂಡು ನೆಗೆಟಿವ್, ಅಲ್ಲಿ ಅವಳು ಇದ್ದದ್ದು ಅಷ್ಟೇ. ಅವಳು ಅಲ್ಲಿ ಸಿಕ್ಕಿಬಿದ್ದದ್ದರಲ್ಲಿ ಅರ್ಧ ತಪ್ಪು ಸರಕಾರದ್ದು, ಇನ್ನರ್ಧ ನನ್ನದು. ಸರಕಾರ ತನ್ನ ಪಾಲನ್ನು ಇವತ್ತಿಗೂ ಒಪ್ಪಿಕೊಂಡಿಲ್ಲ, ಒಪ್ಪಿಕೊಳ್ಳುವ ಲಕ್ಷಣವೂ ಕಾಣುತ್ತಿಲ್ಲ. ಆದ್ದರಿಂದ ನನ್ನ ಪಾಲನ್ನಾದರೂ ಬರೆದಿಡುತ್ತೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳ ಮಾತು. ದಾಂಡೇಲಿ ಪೇಟೆಯಲ್ಲಿ ನಮ್ಮದೊಂದು ಫೋಟೋ ಸ್ಟುಡಿಯೋ ಇತ್ತು. ಮುಂದಿನ ಕೋಣೆಯಲ್ಲಿ ನಮ್ಮ ಯಜಮಾನರು ಫೋಟೋ ತೆಗೆಯುತ್ತಿದ್ದರು, ಹಿಂದಿನ ಡಾರ್ಕ್‌ರೂಮಿನಲ್ಲಿ ನಾನು ರೋಲು ತೊಳೆದು ಪ್ರಿಂಟು ಹಾಕುತ್ತಿದ್ದೆ. ತೇರಗಾಂವದಿಂದ ಮದುವೆಯಾಗಿ ಬಂದಾಗ ನನಗೆ ಭತ್ತದ ಸಸಿ ಹಚ್ಚುವುದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಆರೇ ತಿಂಗಳಲ್ಲಿ ಡಾರ್ಕ್‌ರೂಮಿನ ಕೆಲಸವನ್ನು ಯಜಮಾನರಿಗಿಂತ ಚೆನ್ನಾಗಿ ಕಲಿತುಬಿಟ್ಟೆ. ನನ್ನ ಶ್ರದ್ಧೆ ನೋಡಿ ಅವರು ಹೆಮ್ಮೆಪಟ್ಟರು. ಅದು ಶ್ರದ್ಧೆಯಾಗಿರಲಿಲ್ಲ, ಬರೀ ಚಪಲ. ಇನ್ನೊಬ್ಬರ ಮನೆಯ ಸುದ್ದಿ ಎಂದರೆ ನನಗೆ ಅನ್ನ ನೀರು ಬೇಡ. ಯಾವ ಹುಡುಗಿಯ ಫೋಟೋ ಎಷ್ಟನೇ ವರನಿಗೆ ಹೋಗುತ್ತಿದೆ, ಯಾರ ಮನೆಯ ತೊಟ್ಟಿಲ ಶಾಸ್ತ್ರದಲ್ಲಿ ಯಾವ ಅತ್ತೆ ಮುಖ ತಿರುಗಿಸಿ ಕೂತಿದ್ದಾಳೆ, ಎಲ್ಲವೂ ಊರಿಗಿಂತ ಮೊದಲು ನನ್ನ ಟ್ರೇಯಲ್ಲಿ ತೇಲಿ ಬರುತ್ತಿತ್ತು. ಚೆನ್ನಾಗಿ ಬಂದದ್ದಕ್ಕೆ ಒಂದು ಪ್ರಿಂಟು ಹೆಚ್ಚಿಗೆ ಹಾಕಿಕೊಳ್ಳುತ್ತಿದ್ದೆ. ಚೆನ್ನಾಗಿ ಎಂದರೆ, ನಗು ಬರುವಂಥದ್ದು. ಬಿಸ್ಕೀಟಿನ ತಗಡಿನ ಡಬ್ಬಿಯೊಂದು ಅಂಥವುಗಳಿಂದ ತುಂಬಿಹೋಗಿತ್ತು.

ಯಜಮಾನರ ಸ್ವಭಾವ ಪೂರಾ ಬೇರೆ. ಫೋಟೋ ತೆಗೆಸಿಕೊಳ್ಳಲು ಯಾರೇ ಬರಲಿ, ಕೂಸೇ ಬರಲಿ, "ನಗಬ್ಯಾಡ್ರಿ" ಎಂದು ಮೊದಲೇ ಎಚ್ಚರಿಕೆ ಕೊಡುತ್ತಿದ್ದರು. ಸರಕಾರ ಎಂಬ ಶಬ್ದ ಕಿವಿಗೆ ಬಿದ್ದರೆ ಕೂತಲ್ಲಿಂದ ಎದ್ದು ನಿಲ್ಲುವ ಮನುಷ್ಯ. ವಿದ್ಯುತ್ ಮೀಟರ್ ಓದಲು ಬಂದವನಿಗೂ ಕುರ್ಚಿ ಒರೆಸಿ ಕೊಡುತ್ತಿದ್ದರು.

ಅಂಥವರ ಬಳಿಗೆ ಸರಕಾರವೇ ನಡೆದು ಬಂತು. ಜೊಯಿಡಾ ಕಡೆಯ ಕಾಡಿನಲ್ಲಿ ಹುಲಿ ಎಷ್ಟಿವೆ ಎಂದು ಎಣಿಸಲು ಒಂದು ತಂಡ ಬಂದು ನಮ್ಮ ಬೀದಿಯ ಕೊನೆಯ ಬಾಡಿಗೆ ಮನೆಯಲ್ಲಿ ಕಚೇರಿ ಮಾಡಿತ್ತು. ಕಾಡಿನ ದಾರಿಗಳಲ್ಲಿ ಮರಕ್ಕೆ ಕ್ಯಾಮೆರಾ ಕಟ್ಟುತ್ತಿದ್ದರು. ಅದರ ಮುಂದೆ ಏನಾದರೂ ಹಾಯ್ದರೆ ತಾನಾಗಿಯೇ ಫೋಟೋ ತೆಗೆದುಕೊಳ್ಳುತ್ತಿತ್ತು. ಬಣ್ಣದ ರೋಲಾದರೆ ಹುಬ್ಬಳ್ಳಿಗೆ ಕಳಿಸಿ ಎಂಟು ದಿನ ಕಾಯಬೇಕಿತ್ತು, ಹಾಗಾಗಿ ಕಪ್ಪು-ಬಿಳುಪು ಹಾಕಿ ನಮಗೇ ಕೊಡುತ್ತಿದ್ದರು. ತಂಡದ ಸಾಹೇಬರು ಮೈಸೂರಿನ ಕಡೆಯವರು, ಸಣ್ಣ ವಯಸ್ಸು, ಚಪ್ಪಲಿಗೂ ಪಾಲಿಶ್ ಹಾಕುವಷ್ಟು ಚೊಕ್ಕಟ. ಪ್ರತಿ ಲಕೋಟೆಯ ಮೇಲೂ 'ಗೋಪ್ಯ' ಎಂದು ಕೆಂಪು ಶಾಯಿಯಲ್ಲಿ ಬರೆದು ಕೊಡುತ್ತಿದ್ದರು. ಯಜಮಾನರು ಅದನ್ನು ಎರಡೂ ಕೈಯಲ್ಲಿ ಈಸಿಕೊಂಡು ದೇವರ ಜಗುಲಿಯ ಮೇಲಿಟ್ಟು ಆಮೇಲೆ ನನಗೆ ಕೊಡುತ್ತಿದ್ದರು.

ಮೊದಲ ರೋಲಿನಲ್ಲಿ ಎಮ್ಮೆ ಬಂತು. ಎರಡನೆಯದರಲ್ಲೂ ಎಮ್ಮೆ. ಎಮ್ಮೆಯ ಮುಖ ಬಂದಿದ್ದರೆ ಬೇರೆ ಮಾತು, ಕ್ಯಾಮೆರಾ ಸ್ವಲ್ಪ ತಡವಾಗಿ ಎಚ್ಚರಗೊಳ್ಳುತ್ತಿದ್ದುದರಿಂದ ಬರೀ ಹಿಂಭಾಗ. ಒಂದು ರೋಲಿಗೆ ಮೂವತ್ತನಾಲ್ಕು ಹಿಂಭಾಗ. ಸಾಹೇಬರು ಭೂತಗನ್ನಡಿ ಹಿಡಿದು ಒಂದೊಂದನ್ನೂ ನೋಡಿ ರಿಜಿಸ್ಟರಿನಲ್ಲಿ 'ಎಮ್ಮೆ' ಎಂದು ಬರೆಯುತ್ತಿದ್ದರು. ಆ ಹಂಗಾಮಿನಲ್ಲಿ ಹುಲಿಯದು ಎಂದು ಅವರಿಗೆ ದಕ್ಕಿದ್ದು ಅರ್ಧ ಬಾಲ, ಅದೂ ಲಂಗೂರ ಮಂಗನದ್ದಿರಬಹುದು ಎಂದು ನನ್ನ ಗುಮಾನಿ.

ಐದನೆಯ ರೋಲಿನಿಂದ ಜನ ಬರತೊಡಗಿದರು. ಸುಮ್ಮನೆ ಹಾದುಹೋಗುವ ಜನರಲ್ಲ. ರುಮಾಲು ಸುತ್ತಿ, ಎಣ್ಣೆ ಹಚ್ಚಿ ತಲೆ ಬಾಚಿ, ಎದೆಯ ಮೇಲೆ ಪಾಟಿ ಹಿಡಿದು ನೆಟ್ಟಗೆ ನಿಂತ ಜನ. ಪಾಟಿಯ ಮೇಲೆ ಬಳಪದಲ್ಲಿ ಮನೆ ನಂಬರು. ಒಬ್ಬರಾದ ಮೇಲೆ ಒಬ್ಬರು, ಗಂಡ, ಹೆಂಡತಿ, ಸೋದರತ್ತೆ, ನಡುವೆ ಒಂದು ಎಮ್ಮೆ, ಮತ್ತೆ ಭಾವ. ನಾನು ಕೆಂಪು ಬಲ್ಬಿನ ಕೆಳಗೆ ಬಾಯಿ ತೆರೆದು ನಿಂತುಬಿಟ್ಟೆ.

ಆಮೇಲೆ ವಿಷಯ ತಿಳಿಯಿತು. ಹಿಂದಿನ ವರ್ಷ ಮತದಾರರ ಗುರುತಿನ ಚೀಟಿಗೆಂದು ಊರೂರ ಶಾಲೆಗಳಲ್ಲಿ ಫೋಟೋ ತೆಗೆದಿದ್ದರು. ಎಲ್ಲರೂ ನಂಬರು ಬರೆದ ಪಾಟಿ ಹಿಡಿದು ನಿಲ್ಲಬೇಕಿತ್ತು. ಕಾಡಂಚಿನ ಗೌಳಿವಾಡದ ಜನ ಆ ದಿನ ಎಮ್ಮೆ ಹೊಡೆದುಕೊಂಡು ಒಳಗೆ ಹೋಗಿದ್ದರು, ಬರುವಷ್ಟರಲ್ಲಿ ಫೋಟೋದವರು ಪೆಟ್ಟಿಗೆ ಕಟ್ಟಿಕೊಂಡು ಹೊರಟುಹೋಗಿದ್ದರು. ಆಮೇಲೆ ಕಚೇರಿಗೆ ಎಷ್ಟು ಅಲೆದರೂ ಕೆಲಸವಾಗಿರಲಿಲ್ಲ. ಈಗ ಎಮ್ಮೆ ಹೋಗುವ ದಾರಿಯಲ್ಲೇ ಮರಕ್ಕೆ ಕ್ಯಾಮೆರಾ ಕಟ್ಟಿದ್ದಾರೆ. ಕಾವಲಿನವನನ್ನು ಕೇಳಿದರೆ "ಸರಕಾರದ್ದೈತಿ, ಮುಟ್ಟಬ್ಯಾಡ್ರಿ" ಅನ್ನುತ್ತಾನೆ. ಜನ ಏನು ತಿಳಿಯಬೇಕು? ಕೊನೆಗೂ ಸರಕಾರಕ್ಕೆ ಬುದ್ಧಿ ಬಂತು, ಎಮ್ಮೆ ಇದ್ದಲ್ಲಿಗೇ ಫೋಟೋ ಕಳಿಸಿತು ಎಂದು ತಿಳಿದರು. ನಾನಾಗಿದ್ದರೂ ಹಾಗೇ ತಿಳಿಯುತ್ತಿದ್ದೆ. ಸುದ್ದಿ ಹಬ್ಬಿ ಅಕ್ಕಪಕ್ಕದ ಸಿದ್ದಿ ಮನೆಗಳವರೂ ಬಂದು ನಿಂತರು. ಅವರಲ್ಲಿ ಹಿರಿಯರೊಬ್ಬರು ಮೂರು ಸಲ ನಿಂತಿದ್ದರು, ಮೂರನೆಯ ಸಲಕ್ಕೆ ಕನ್ನಡಕ ಬೇರೆ ತಂದಿದ್ದರು.

ಮುಂದಿನ ವಾರದಿಂದ ನಮ್ಮ ಅಂಗಡಿಯ ಮುಂದೆ ಸಾಲು. "ಸರಕಾರದ ಫೋಟೋ ಬಂದಾವೇನ್ರಿ?" ಯಜಮಾನರು ಬಾಗಿಲ ಹಿಂದೆ ಅಡಗಿದರು. ನಾನು ಪ್ರಿಂಟಿನಿಂದ ಮುಖದಷ್ಟೇ ಕತ್ತರಿಸಿ ಒಬ್ಬೊಬ್ಬರಿಗೂ ಕೊಟ್ಟೆ. ಅವರದೇ ಮುಖ, ಅವರೇ ಕೇಳಿದ್ದು, ಅದರಲ್ಲಿ ಗೋಪ್ಯ ಎಂಥದ್ದು? ಅವುಗಳನ್ನು ಅರ್ಜಿಗೆ ಅಂಟಿಸಿ ಎಷ್ಟೋ ಜನ ಚೀಟಿ ಮಾಡಿಸಿಕೊಂಡರು. ಹುಲಿಯ ಕ್ಯಾಮೆರಾದಿಂದ ಆ ವರ್ಷ ಯಾರಿಗಾದರೂ ಉಪಕಾರವಾಗಿದ್ದರೆ ಇವರಿಗೇ.

ಸಾಹೇಬರಿಗೆ ಸಿಟ್ಟು ಬಂತು. ಕ್ಯಾಮೆರಾದ ಪಕ್ಕ 'ಇದು ಹುಲಿಗಾಗಿ' ಎಂದು ಬೋರ್ಡು ಹಾಕಿಸಿದರು. ಹುಲಿಗೆ ಯಾತಕ್ಕೆ ಚೀಟಿ ಎಂದು ವಾಡದಲ್ಲಿ ಎರಡು ದಿನ ಚರ್ಚೆಯಾಯಿತಂತೆ. ಜನ ನಿಲ್ಲುವುದು ನಿಲ್ಲಲಿಲ್ಲ. ಕಡೆಗೆ ಸಾಹೇಬರು ಯಾರಿಗೂ ಹೇಳದೆ ಕ್ಯಾಮೆರಾ ಬಿಚ್ಚಿ, ದೂರದ ಒಂದು ತಿರುವಿನಲ್ಲಿ ಪೊದೆಯೊಳಗೆ ಎಲೆ ಮುಚ್ಚಿ ಅಡಗಿಸಿದರು.

ಆ ಪೊದೆಯ ರೋಲು ನನ್ನ ಕೈಗೆ ಬಂತು. ಮೊದಲು ಎಂದಿನ ಎಮ್ಮೆಗಳು. ಹದಿನಾಲ್ಕನೆಯದರಲ್ಲಿ ಒಬ್ಬ ಹೆಂಗಸು ತಲೆಯ ಮೇಲಿನ ಕಟ್ಟಿಗೆ ಹೊರೆ ಇಳಿಸುತ್ತಿದ್ದಳು. ಹದಿನೈದರಲ್ಲಿ ಕುಕ್ಕರುಗಾಲಲ್ಲಿ ಕೂತು ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆಯುತ್ತಿದ್ದಳು. ಹದಿನಾರರಲ್ಲಿ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದಳು. ಹದಿನೇಳರಲ್ಲಿ ಅವಳ ಒಂದು ಕಾಲು ನೆಲದ ಮೇಲಿತ್ತು, ಇನ್ನೊಂದು ಇರಲಿಲ್ಲ. ಹದಿನೆಂಟರಲ್ಲಿ ಎರಡೂ ಇರಲಿಲ್ಲ. ಅಡವಿಯ ನಡುವೆ, ಒಬ್ಬಳೇ, ಅರವತ್ತರ ಆಸುಪಾಸಿನ ಹೆಂಗಸು ಕುಂಟೆಬಿಲ್ಲೆ ಆಡುತ್ತಿದ್ದಳು. ನಾವೆಲ್ಲ ಲಂಗ ಹಾಕಿಕೊಂಡಿದ್ದಾಗ ಅಂಗಳದಲ್ಲಿ ಮನೆ ಬರೆದು, ಬಿಲ್ಲೆ ತಳ್ಳಿ, ಒಂಟಿಗಾಲಲ್ಲಿ ಕುಂಟುತ್ತಿದ್ದ ಅದೇ ಆಟ. ಇಪ್ಪತ್ತೆರಡರಲ್ಲಿ ಗೆರೆ ತುಳಿದಿರಬೇಕು, ತನ್ನನ್ನೇ ತಾನು ಬೈದುಕೊಳ್ಳುತ್ತಿದ್ದಳು. ಇಪ್ಪತ್ತನಾಲ್ಕರಲ್ಲಿ ಎರಡೂ ಕೈ ಮೇಲೆತ್ತಿ ನಿಂತಿದ್ದಳು, ಗೆದ್ದಿದ್ದಳು.

ಮುಖ ನೋಡಿದರೆ, ನಮಗೆ ಬೆಣ್ಣೆ ಕೊಡುವ ಆಯಿ!

ಆಯಿ ಆ ಗೌಳಿವಾಡದವಳು. ವಾರಕ್ಕೊಮ್ಮೆ ಬೆಣ್ಣೆಯ ಗಡಿಗೆ ಹೊತ್ತು ಬಸ್ಸಿಗೆ ಬರುತ್ತಿದ್ದಳು. ಅವಳಿಗಿಂತ ಅವಳ ಮೊಣಕಾಲು ಹೆಚ್ಚು ಪ್ರಸಿದ್ಧ. ನಮ್ಮ ಕಟ್ಟೆ ಹತ್ತುವಾಗ ಮೂರು ಸಲ "ಯಪ್ಪಾ" ಅನ್ನುತ್ತಿದ್ದಳು, ಕೂರುವಾಗ ಎರಡು ಸಲ, ಏಳುವಾಗ ನಾನು ರಟ್ಟೆ ಹಿಡಿಯಬೇಕಿತ್ತು. ಆ ಮೊಣಕಾಲು ನೋವಿನ ದೆಸೆಯಿಂದ ಮನೆಯಲ್ಲಿ ಸೊಸೆಯೇ ಹಳ್ಳಕ್ಕಿಳಿದು ನೀರು ತರುತ್ತಿದ್ದಳು, ಮಗ ಸಗಣಿ ಬಾಚುತ್ತಿದ್ದ, ಮೊಮ್ಮಕ್ಕಳು ಸರದಿಯಲ್ಲಿ ಎಣ್ಣೆ ತಿಕ್ಕುತ್ತಿದ್ದರು. ಅಡವಿಯಿಂದ ನಾಲ್ಕು ಪುಳ್ಳೆ ಆರಿಸಿಕೊಂಡು ಬರುವುದಷ್ಟೇ ಅವಳ ಪಾಲಿನ ಕೆಲಸ, ಅದೂ ಕಾಲು ಸಡಿಲಾಗಲಿ ಎಂದು ಹೇಳಿ. ನಾಲ್ಕು ಪುಳ್ಳೆಗೆ ಅರ್ಧ ದಿನ ಹಿಡಿಯುತ್ತಿತ್ತು.

ನಾನು ನಕ್ಕ ನಗೆಗೆ ಟ್ರೇ ಅಲುಗಾಡಿ ನೆಲವೆಲ್ಲ ಡೆವಲಪರ್ ಚೆಲ್ಲಿತು. ಹನ್ನೊಂದಕ್ಕೂ ಒಂದೊಂದು ಪ್ರಿಂಟು ಸಾಹೇಬರಿಗೆ ಹಾಕಿದೆ, ಎರಡೂ ಕಾಲು ಗಾಳಿಯಲ್ಲಿದ್ದ ಹದಿನೆಂಟನೆಯದನ್ನು ನನಗೊಂದು ಹಾಕಿಕೊಂಡೆ. ಯಜಮಾನರಿಗೆ ತೋರಿಸಿದೆ. ಜೀವಮಾನದಲ್ಲಿ ಮೊದಲ ಬಾರಿಗೆ ಅವರು ಸ್ಟುಡಿಯೋದೊಳಗೆ ನಕ್ಕರು. ಪಕ್ಕದ ಟೇಲರ್ ಅಂಗಡಿಯವನ ಹೆಂಡತಿಗೂ ತೋರಿಸಿದೆ. ಆಮೇಲೆ ಪ್ರಿಂಟನ್ನು ಬಿಸ್ಕೀಟಿನ ಡಬ್ಬಿಯಲ್ಲಿಟ್ಟೆ.

ವಾರದ ದಿನ ಆಯಿ ಬಂದಳು. ಕಟ್ಟೆ ಹತ್ತುತ್ತ ಮೂರು ಸಲ "ಯಪ್ಪಾ" ಅಂದಳು. ನನಗೆ ತಡೆಯಲಾಗಲಿಲ್ಲ.

"ಮಣಕಾಲು ಹೆಂಗೈತಿ ಆಯಿ?"

"ಏನ್ ಹೇಳ್ಲಿ ತಂಗಿ. ಇನ್ನ ಗಾಡಿ ಬಂದಂಗ. ಹೊತ್ಕೊಂಡ ಹೋಗೂದೊಂದ ಉಳದೈತಿ."

"ಹೌದಾ? ಹಂಗಾರ ಇದನ್ನ ನೋಡು" ಎಂದು ಡಬ್ಬಿಯಿಂದ ಫೋಟೋ ತೆಗೆದು ಅವಳ ಕೈಗಿಟ್ಟೆ. ಸಿಕ್ಕಿಬಿದ್ದೆ ಕಳ್ಳಿ ಎಂದು ಅವಳೂ ನಗುತ್ತಾಳೆ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತೇವೆ ಎಂದು ನಾನು ಎಣಿಸಿದ್ದೆ.

ಆಯಿ ನಗಲಿಲ್ಲ. ಫೋಟೋವನ್ನು ದೂರ ಹಿಡಿದಳು, ಹತ್ತಿರ ಹಿಡಿದಳು, ಸೆರಗಿನಿಂದ ಒರೆಸಿದಳು. ಒರೆಸಿದರೆ ಹೋಗುತ್ತದೆ ಎಂದುಕೊಂಡಳೋ ಏನೋ.

"ಯಾರು ತಗದ್ರು?"

"ಯಾರೂ ತಗದಿಲ್ಲ. ಸರಕಾರದ ಕ್ಯಾಮೆರಾ. ಪೊದ್ಯಾಗ ಮುಚ್ಚಿಟ್ಟಿದ್ರು."

"ಅಲ್ಲಿ ಯಾರೂ ಇರ್ಲಿಲ್ಲ ಅಂತನ ನಾ ಹೋಗಿದ್ದೆ" ಅಂದಳು. ಫೋಟೋವನ್ನು ನನ್ನ ಕೈಗೇ ವಾಪಸ್ಸಿಟ್ಟು, "ನಮ್ಮ ಮಂದಿ ಎಲ್ಲಾರೂ ಪಾಟಿ ಹಿಡಕೊಂಡ ನಿಂತ್ರು. ಅವರಿಗೆ ಬೇಕಾಗಿತ್ತು, ನಿಂತ್ರು. ಅವರದು ತಗೀರಿ. ನಾ ಪಾಟಿ ಹಿಡದಿದ್ನೇನು?"

ಈಚೆಗೆ ಟೀವಿಯಲ್ಲಿ ಕೋಟು ತೊಟ್ಟವರು ಖಾಸಗಿತನ ಮನುಷ್ಯನ ಹಕ್ಕು ಹೌದೋ ಅಲ್ಲವೋ, ಸರಕಾರ ಎಷ್ಟು ನೋಡಬಹುದು, ಎಲ್ಲಿ ನಿಲ್ಲಿಸಬೇಕು ಎಂದು ಗಂಟೆಗಟ್ಟಲೆ ಕೂಗಾಡುತ್ತಾರೆ. ಆಯಿಯಷ್ಟು ಚೊಕ್ಕವಾಗಿ ಒಬ್ಬರೂ ಹೇಳಿದ್ದನ್ನು ನಾನು ಕೇಳಿಲ್ಲ. ಆದರೆ ಆ ದಿನ ನನಗೆ ಹೊಳೆದದ್ದು ಒಂದು ಅಧಿಕಪ್ರಸಂಗದ ಮಾತು ಮಾತ್ರ.

"ಅದೆಲ್ಲಾ ಬಿಡು ಆಯಿ. ಮಣಕಾಲು ನೂಸತೈತಿ ಅಂತ ಸೊಸಿ ಕಡಿಂದ ನೀರು ಹೊರಸ್ತಿ. ಇಲ್ಲಿ ನೋಡಿದ್ರ ಕುಪ್ಪಳಿಸಾಕ ಹತ್ತಿ. ಯಾವುದು ಖರೇ?"

"ಮನ್ಯಾಗ ನೂಸತೈತಿ, ಅಡವ್ಯಾಗ ನೂಸಂಗಿಲ್ಲ. ಎರಡೂ ಖರೇ" ಅಂದಳು. ಸುಳ್ಳು ಹೇಳುವವರ ಕಣ್ಣು ನನಗೆ ಗೊತ್ತು, ದಿನವೂ ಪಾಸ್‌ಪೋರ್ಟ್ ಸೈಜಿನಲ್ಲಿ ನೋಡುತ್ತಿದ್ದೆ. ಅವಳದು ಅಂಥ ಕಣ್ಣಲ್ಲ.

ಆಮೇಲೆ ನಿಜವಾದ ಚಿಂತೆ ಹೊರಬಿತ್ತು. ಬರುವ ಬುಧವಾರ ವಾಡದ ಶಾಲೆಯ ಜಗುಲಿಯಲ್ಲಿ ಸಾಹೇಬರು ಸಭೆ ಕರೆದಿದ್ದರು. ಹುಲಿ ಓಡಾಡುವ ದಾರಿಯಲ್ಲಿ ಜನ ಎಷ್ಟು ಓಡಾಡುತ್ತಿದ್ದಾರೆ ನೋಡಿ, ಇನ್ನು ಮೇಲೆ ಓಡಾಡಬೇಡಿ ಎಂದು ಎಲ್ಲ ಫೋಟೋಗಳನ್ನೂ ಬಟ್ಟೆಗೆ ಹಚ್ಚಿ ತೋರಿಸುತ್ತಾರಂತೆ. ಮಗ ಬರುತ್ತಾನೆ, ಸೊಸೆ ಬರುತ್ತಾಳೆ, ಸೊಸೆಯ ತವರಿನವರೂ ಬರುತ್ತಾರೆ.

"ಸೊಸಿ ಬೈಯಲಿ, ಅದಕ್ಕ ನಾ ಹೆದರಂಗಿಲ್ಲ. ಆಕಿಗಿಂತ ಚೊಲೋ ಬೈಯಾಕ ನನಗ ಬರತೈತಿ. ಆದ್ರ ತಂಗಿ, ನಲವತ್ತ ವರ್ಷದಿಂದ ಅದೊಂದ ನಂದು ಅಂತ ಇತ್ತು. ಮಾವ ಇದ್ದಾಗ, ಅತ್ತಿ ಇದ್ದಾಗ, ಮಕ್ಕಳು ಸಣ್ಣವರಿದ್ದಾಗ. ಯಾರಿಗೂ ಗೊತ್ತಿರ್ಲಿಲ್ಲ. ಎಲ್ಲಾರೂ ನೋಡಿದ್ರ ಅದು ನಂದು ಹೆಂಗ ಆದೀತು?" ಅಂದಳು. ಕೊನೆಗೆ, "ಎಷ್ಟ ಮಂದಿ ನೋಡ್ಯಾರ?"

"ನಾ ಒಬ್ಬಾಕಿನ" ಅಂದೆ.

ಸುಳ್ಳು. ಹೊರಗೆ ಟೇಲರನ ಹೆಂಡತಿ ಆಯಿಯನ್ನು ಕಂಡು ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ಆಯಿ ಅದನ್ನೂ ನೋಡಿದಳು. ಬೆಣ್ಣೆ ತೂಗಿ ಕೊಟ್ಟು ಎದ್ದಳು. ಆ ದಿನ ರಟ್ಟೆ ಹಿಡಿಯಲು ನನ್ನನ್ನು ಕರೆಯಲಿಲ್ಲ. ನನಗೆ ಬಹಳ ನಾಚಿಕೆಯಾಯಿತು. ನಾಚಿಕೆಯಾದರೆ ನನಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಯಾರ ಮೇಲಾದರೂ ಹಾಕಬೇಕಾಗುತ್ತದೆ. ಸರಕಾರದ ಮೇಲೆ ಹಾಕಿದೆ.

ಮಾರನೆಯ ದಿನ ಬೆಳಿಗ್ಗೆ ಯಜಮಾನರನ್ನು ಎಳೆದುಕೊಂಡು ಕಚೇರಿಗೆ ಹೋದೆ. ಅವರು ದಾರಿಯುದ್ದಕ್ಕೂ "ಬ್ಯಾಡ ಅಂದ್ರ ಬ್ಯಾಡ" ಅನ್ನುತ್ತಿದ್ದರು. ಬಾಗಿಲಿಗೆ ಹೋಗುವಷ್ಟರಲ್ಲೇ ಒಳಗೆ ಧಪ್ ಧಪ್ ಸದ್ದು. ಮುಂಡಗೋಡದ ಕಡೆಯ ಸಿಪಾಯಿ ಪಂಚೆ ಮೇಲೆತ್ತಿಕೊಂಡು ಒಂಟಿಗಾಲಲ್ಲಿ ಕುಪ್ಪಳಿಸುತ್ತಿದ್ದ. ಡ್ರೈವರ್, ಕಾವಲಿನವ, ಚಹಾ ತಂದವ, ಎಲ್ಲರೂ ಗೋಡೆ ಹಿಡಿದುಕೊಂಡು ನಗುತ್ತಿದ್ದರು. ಮೇಜಿನ ಮೇಲೆ ಆಯಿಯ ಹನ್ನೊಂದು ಫೋಟೋ ಸಾಲಾಗಿ ಹರವಿಕೊಂಡು ಸಾಹೇಬರೂ ಕೂತಿದ್ದರು. ಅದನ್ನು ನೋಡಿ ನನ್ನ ಮೈ ಉರಿಯಿತು. ಹಿಂದಿನ ವಾರ ನಾನೂ ಅವರ ಹಾಗೇ ನಕ್ಕಿದ್ದೆ, ಉರಿದದ್ದಕ್ಕೆ ಅದೂ ಒಂದು ಕಾರಣ.

ಮೊದಲು ಕಸುಬಿನ ಸುಳ್ಳು ಪ್ರಯೋಗಿಸಿದೆ. "ಸಾಹೇಬ್ರ, ಈ ಹನ್ನೊಂದಕ್ಕ ಹೈಪೋ ಔಷಧಿ ಕಡಿಮಿ ಬಿದ್ದೈತ್ರಿ. ಎಂಟ ದಿನದಾಗ ಹಳದಿ ಆಗತಾವು. ಕೊಡ್ರಿ, ಮತ್ತೊಮ್ಮೆ ತೊಳದ ತರ್ತೇನಿ. ನೆಗೆಟಿವ್‌ನೂ ಕೊಡ್ರಿ."

ಸಾಹೇಬರು ಭೂತಗನ್ನಡಿಯಲ್ಲಿ ನೋಡಿ, "ಚೆನ್ನಾಗೇ ಇದೆಯಲ್ಲಮ್ಮ. ಇದೇ ನೋಡಿ ಈ ಸಲದ ಬೆಸ್ಟ್ ಸೀರೀಸ್" ಅಂದರು.

ಸುಳ್ಳು ನಡೆಯದಿದ್ದಾಗ ನಿಜ ಹೇಳಿದೆ. ಇದು ಒಬ್ಬ ಹೆಂಗಸಿನ ಮರ್ಯಾದೆಯ ಪ್ರಶ್ನೆ, ಅವಳು ಕೇಳುತ್ತಿದ್ದಾಳೆ, ಕೊಟ್ಟುಬಿಡಿ ಅಂದೆ.

"ನೋಡಮ್ಮ, ಇದು ಸರ್ಕಾರಿ ದಾಖಲೆ. ನನ್ನ ಸ್ವಂತದ್ದಲ್ಲ. ರಿಜಿಸ್ಟರ್‌ನಲ್ಲಿ ನಂಬರ್ ಹತ್ತಿದೆ. ಆಕೆ ಏನೂ ತಪ್ಪು ಮಾಡ್ತಿಲ್ಲ ಅಂದ್ಮೇಲೆ ನಾವು ನೋಡಿದ್ರೆ ಏನು? ತಪ್ಪು ಮಾಡೋರು ತಾನೇ ಹೆದರಬೇಕು?"

ಯಜಮಾನರು "ಹೌದ್ರಿ ಸರ್" ಎಂದು ತಲೆಯಾಡಿಸಿದರು. ನಾನು ಅವರ ಕಾಲು ತುಳಿದೆ.

ಇಲ್ಲಿ ನಮ್ಮ ಕೆಲಸದ ಒಂದು ಗುಟ್ಟು ಹೇಳಬೇಕು. ಕ್ಯಾಮೆರಾ ಕಟ್ಟಿದ ಕೂಡಲೇ ಅದು ಹುಲಿಯ ಎತ್ತರಕ್ಕೆ ಸರಿಯಾಗಿದೆಯೋ ಇಲ್ಲವೋ ಪರೀಕ್ಷೆ ಮಾಡಬೇಕಾಗುತ್ತದೆ. ಅದಕ್ಕೆ ಯಾರಾದರೂ ಹುಲಿಯ ಹಾಗೆ ನಾಲ್ಕು ಕಾಲಲ್ಲಿ ಅದರ ಮುಂದೆ ಹಾಯಬೇಕು. ಈ ಕೆಲಸವನ್ನು ಸಾಹೇಬರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಹಾಗಾಗಿ ಪ್ರತಿ ರೋಲಿನ ಮೊದಲ ಎರಡು ಫೋಟೋಗಳಲ್ಲಿ ಪ್ಯಾಂಟಿನ ಹಿಂಬದಿ ಮೇಲಕ್ಕೆತ್ತಿ, ಬೆರಳು ಪಂಜದ ಹಾಗೆ ಅಗಲಿಸಿ ಅವರೇ ಇರುತ್ತಿದ್ದರು. ಬರೀ ಹಾದುಹೋದರೆ ಸಾಕಿತ್ತು. ಅವರು ಹಲ್ಲು ಕಿಸಿದು ಗರ್ಜಿಸುತ್ತಿದ್ದರು ಕೂಡ. ಕೆಲಸ ಕೊಡುವಾಗಲೇ ನಮಗೆ ಹೇಳಿಬಿಟ್ಟಿದ್ದರು: ಮೊದಲಿನ ಎರಡನ್ನು ಪ್ರಿಂಟು ಹಾಕಬೇಡಿ, ಅವು ಸುಮ್ಮನೆ ಟೆಸ್ಟಿಂಗು.

"ಸಾಹೇಬ್ರ, ನೀವು ಹೇಳಿದ್ದು ಖರೇ ಐತ್ರಿ" ಅಂದೆ. "ತಪ್ಪು ಮಾಡದವರದು ನೋಡಿದ್ರ ಏನು? ಹಂಗಾರ ಬುಧವಾರ ನಿಮ್ಮವೂ ಹಚ್ಚೋಣ. ಒಂದನೇ ನಂಬರು, ಎರಡನೇ ನಂಬರು. ನೀವೂ ಅದ ದಾರ್ಯಾಗನ ಓಡಾಡೀರಿ."

ಸಿಪಾಯಿ ಪಂಚೆ ಕೆಳಗಿಳಿಸಿಕೊಂಡ.

"ಅವು... ಅವನ್ನ ನೀವು ಪ್ರಿಂಟ್ ಹಾಕಿದ್ದೀರಾ?"

ಹಾಕಿದ್ದೆ. ಎಲ್ಲ ರೋಲಿನವನ್ನೂ. ಬಿಸ್ಕೀಟಿನ ಡಬ್ಬಿಯಲ್ಲಿ ಸಾಹೇಬರ ಒಂದು ಇಡೀ ಕಟ್ಟು ಇತ್ತು, ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದೆ. "ಇನ್ನೂ ಇಲ್ರಿ" ಅಂದೆ.

ಸಾಹೇಬರು ಕೆಂಪಗಾದರು. "ಅದು ಪರ್ಸನಲ್ ಅಲ್ವೇನಮ್ಮ" ಅಂದುಬಿಟ್ಟರು.

ಹೇಳಿದ ಮಾತು ಅವರಿಗೇ ಕೇಳಿಸಿತು. ಕೆಟ್ಟ ಮನುಷ್ಯನಲ್ಲ ಪಾಪ. ಹನ್ನೊಂದೂ ಫೋಟೋ ಒಟ್ಟುಮಾಡಿದರು. ಕಪಾಟಿನಿಂದ ನೆಗೆಟಿವ್ ತೆಗೆದು, ಬೇಕಾದ ಎರಡು ತುಂಡು ಹುಡುಕಿ ನನ್ನ ಕೈಗಿಟ್ಟರು. ರಿಜಿಸ್ಟರಿನಲ್ಲಿ 'ಬೆಳಕು ಬಿದ್ದು ಹಾಳಾಗಿದೆ' ಎಂದು ಬರೆದರು. ಪೊದೆಯ ಕ್ಯಾಮೆರಾ ಬಿಚ್ಚಿಸುತ್ತೀರಾ ಎಂದು ಕೇಳಿದೆ. ಅದು ಮಾತ್ರ ತಮ್ಮ ಕೈಯಲ್ಲಿಲ್ಲ, ಮೇಲಿನವರ ಆದೇಶ, ಇನ್ನೂ ಹತ್ತು ಬರಲಿವೆ ಅಂದರು. ಹೊರಗೆ ಬರುವಾಗ ಯಜಮಾನರು ಕಚೇರಿಯ ಬಾಗಿಲಿಗೂ ಒಂದು ನಮಸ್ಕಾರ ಹಾಕಿದರು. ನನಗೆ ಯುದ್ಧ ಗೆದ್ದ ಠೀವಿ.

ಮುಂದಿನ ವಾರ ಆಯಿ ಬಂದಾಗ ಲಕೋಟೆಯನ್ನು ಅವಳ ಮಡಿಲಿಗೆ ಹಾಕಿದೆ. ಬುಧವಾರದ ಸಭೆಯಲ್ಲಿ ಬರೀ ಎಮ್ಮೆಗಳನ್ನು ತೋರಿಸಿದರು ಎಂದು ಅವಳಿಗೆ ಆಗಲೇ ಗೊತ್ತಿತ್ತು. ಬೆರಳು ಮಡಚಿ ಎಣಿಸಿದಳು, ಹನ್ನೊಂದು. ನೆಗೆಟಿವ್ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ನಿಂದೊಂದ ಇತ್ತಲ್ಲ?" ಅಂದಳು.

ನಾನು ಮರೆತೇಬಿಟ್ಟಿದ್ದೆ ಎಂದು ಬರೆಯಬಹುದಿತ್ತು. ಮರೆತಿರಲಿಲ್ಲ. ಅಷ್ಟು ಚೆಂದದ ಫೋಟೋ, ನನ್ನ ಹತ್ತಿರ ಇದ್ದರೆ ಏನಂತೆ, ನಾನೇನು ಸರಕಾರವೇ ಎಂದು ಒಳಗೊಳಗೇ ಲೆಕ್ಕ ಹಾಕಿದ್ದೆ. ಡಬ್ಬಿ ತಂದು ಅದನ್ನೂ ಕೊಟ್ಟೆ. ಕೊಡುವಾಗ ಬಾಯಿ ತಾನಾಗಿಯೇ ಎಲ್ಲವನ್ನೂ ಒಪ್ಪಿಸಿತು: ಯಜಮಾನರು ನೋಡಿದ್ದಾರೆ, ಟೇಲರನ ಹೆಂಡತಿ ನೋಡಿದ್ದಾಳೆ, ಸಾಹೇಬರು, ಸಿಪಾಯಿ, ಡ್ರೈವರ್, ಕಾವಲಿನವ, ಚಹಾದವ. ಒಂದು ಕೈಯ ಬೆರಳು ಮುಗಿದು ಇನ್ನೊಂದು ಕೈಗೆ ಹೋಗಬೇಕಾಯಿತು.

ಆಯಿ ಬೈಯಲಿಲ್ಲ. ನಮ್ಮ ಬಚ್ಚಲ ಒಲೆಗೆ ಎಲ್ಲವನ್ನೂ ಹಾಕಿದಳು. ನೆಗೆಟಿವ್ ಭಗ್ಗೆಂದು ಸುರುಟಿ ನಾರಿತು. ಡಬ್ಬಿಯಲ್ಲಿದ್ದ ಉಳಿದವನ್ನೂ ನಾನೇ ತಂದು ಸುರಿದೆ, ಸಾಹೇಬರ ಕಟ್ಟನ್ನೂ. ಅದೊಂದನ್ನು ಸುಡುವಾಗ ಮಾತ್ರ ಬಹಳ ಸಂಕಟವಾಯಿತು. ಆಯಿಗೆ ತೋರಿಸಿದ್ದರೆ ಎಷ್ಟು ನಗುತ್ತಿದ್ದಳೋ. ತೋರಿಸಲಿಲ್ಲ.

"ಮುಗೀತಲ್ಲ ಆಯಿ. ಇನ್ನ ಹೋಗಿ ಆರಾಮ ಆಡು" ಅಂದೆ.

"ಹೋಗಿದ್ದೆ ತಂಗಿ, ನಿನ್ನಿ ಹೋಗಿದ್ದೆ" ಅಂದಳು. "ಗೆರಿ ಎಳದೆ. ಕಾಲು ಎತ್ತೂವಷ್ಟರಾಗ ಪೊದಿ ನೋಡಿದಂಗಾತು. ತಿರುಗಿ ನಿಂತೆ, ಆ ಕಡೆ ಗಿಡ ನೋಡಿದಂಗಾತು. ಎಲ್ಲಿ ಇಟ್ಟಾರೋ ಏನೋ. ಗೆರಿ ಅಳಿಸಿ, ಕಟ್ಟಿಗಿ ಹೊತ್ಕೊಂಡ ಬಂದೆ. ಈಗ ಖರೇನ ನೂಸಾಕ ಹತ್ತೈತಿ."

ಕೂತಲ್ಲಿಂದ ಏಳಲು ನನ್ನ ಕಡೆ ಕೈ ಚಾಚಿದಳು. ರಟ್ಟೆ ಹಿಡಿದೆ. ಅಷ್ಟು ದಿನ ಹಿಡಿದ ರಟ್ಟೆ, ಆ ದಿನ ನಿಜವಾಗಿ ಭಾರ ಬಂತು. ನನ್ನ ಠೀವಿಯೆಲ್ಲ ಇಳಿದುಹೋಯಿತು. ಹನ್ನೆರಡು ಕಾಗದ ವಾಪಸ್ಸು ಮಾಡಿ ಎಲ್ಲವನ್ನೂ ವಾಪಸ್ಸು ಮಾಡಿದೆ ಎಂದುಕೊಂಡಿದ್ದೆ. ಅವಳ ನಲವತ್ತು ವರ್ಷದ ಅಡವಿಯನ್ನು ನಾವೆಲ್ಲ ಸೇರಿ ಕಿತ್ತುಕೊಂಡಿದ್ದೆವು.

ಏನು ಮಾಡಲಿ ಎಂದು ಯೋಚಿಸದೆಯೇ ಅವಳನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದೆ. ನನ್ನ ಡಾರ್ಕ್‌ರೂಮು. ಕಿಟಕಿ ಇಲ್ಲ, ಬಾಗಿಲ ಸಂದಿಗೆಲ್ಲ ಕರಿ ಬಟ್ಟೆ ಬಡಿದಿತ್ತು, ಒಳಗಿನಿಂದ ಅಗುಳಿ. ಟ್ರೇಗಳನ್ನು ಎತ್ತಿ ಮೇಲಿಟ್ಟೆ, ಎನ್‌ಲಾರ್ಜರಿನ ಮೇಜನ್ನು ಗೋಡೆಗೆ ತಳ್ಳಿದೆ, ಬಿಳಿ ದೀಪ ಹಾಕಿದೆ. ಬಳಪದ ಒಂದು ತುಂಡು ಅವಳ ಕೈಗೆ ಕೊಟ್ಟೆ. "ಅಗಳಿ ಹಾಕ್ಕೊ ಆಯಿ. ಯಾರೂ ಬರಂಗಿಲ್ಲ" ಎಂದು ಹೇಳಿ ಹೊರಗೆ ಬಂದು ಬಾಗಿಲಿಗೆ ಬೆನ್ನು ಕೊಟ್ಟು ಸ್ಟೂಲಿನ ಮೇಲೆ ಕೂತೆ.

ಅಗುಳಿ ಬಿದ್ದ ಸದ್ದು ಕೇಳಿತು. ಯಜಮಾನರು ಬಂದು ರೋಲು ತೊಳೆಯುವುದಿದೆ ಅಂದರು. ನಾಳೆ ತೊಳೆಯುತ್ತೇನೆ ಅಂದೆ. ಒಳಗೆ ಯಾರು ಅಂದರು, ಹೇಳಲಿಲ್ಲ. ಟೇಲರನ ಹೆಂಡತಿ ಇಣುಕಿದಳು, ಅವಳನ್ನು ಗದರಿಸಿ ಅಟ್ಟಿದೆ.

ಆಮೇಲೆ ಎಷ್ಟೋ ವರ್ಷ, ಸ್ಟುಡಿಯೋ ಮುಚ್ಚುವವರೆಗೂ, ವಾರಕ್ಕೊಂದು ಗಂಟೆ ಆ ಕೋಣೆ ಅವಳದಾಯಿತು. ಕೆಲವು ಸಲ ಕಪಾಟಿನ ಬಾಟಲಿಗಳು ಗಲಗಲ ಅನ್ನುತ್ತಿದ್ದವು. ಕೆಲವು ಸಲ ಇಡೀ ಗಂಟೆ ಒಂದೂ ಸದ್ದಿರುತ್ತಿರಲಿಲ್ಲ, ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ಬಾಗಿಲಿಗೆ ಕಿವಿ ಹಚ್ಚಬೇಕು ಅನ್ನಿಸಿ ಎರಡೂ ಕೈಯಲ್ಲಿ ಸ್ಟೂಲು ಹಿಡಿದುಕೊಂಡು ಕೂತಿರುತ್ತಿದ್ದೆ. ಅವಳು ಹೋದ ಮೇಲೆ ಒಳಗೆ ಹೋಗಿ ನೋಡಿದರೆ ನೆಲ ಒರೆಸಿ ಚೊಕ್ಕ ಮಾಡಿರುತ್ತಿದ್ದಳು. ಒಳಗೆ ಅವಳು ಏನು ಮಾಡುತ್ತಿದ್ದಳೋ ನನಗೆ ಗೊತ್ತಿಲ್ಲ. ನಾನು ಒಮ್ಮೆಯೂ ಕೇಳಲಿಲ್ಲ.